ಪ್ಲಗ್ ಹಾಕುವ ಹೊತ್ತು: ವಿದ್ಯುತ್ ಕಾರು, ಹೈಬ್ರಿಡ್ ಕಾರು ಮತ್ತು ಶಕ್ತಿನಗರದ ಕಲ್ಲಿದ್ದಲು

(ರಾಯಚೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ರಾಯಚೂರಿನಲ್ಲಿ ವಿದ್ಯುತ್ ಕಾರಿನ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಒಂದೇ: "ಕಲ್ಲಿದ್ದಲು ಸುಟ್ಟೇ ಕರೆಂಟ್ ಮಾಡ್ತಾರಲ್ರೀ, ಮತ್ತ ಉಳಿದದ್ದೇನು?" ಬೇರೆ ಊರಿನವರು ಎಲ್ಲೋ ಓದಿ ಈ ಪ್ರಶ್ನೆ ಕೇಳುತ್ತಾರೆ. ನಾವು ಕಣ್ಣಾರೆ ಕಂಡು ಕೇಳುತ್ತೇವೆ. ಶಕ್ತಿನಗರದ ಚಿಮಣಿಗಳು ನಮಗೆ ಕಾಣುತ್ತವೆ, ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು ನಮ್ಮ ಗೇಟಿನಲ್ಲೇ ನಮ್ಮನ್ನು ನಿಲ್ಲಿಸುತ್ತದೆ, ಹಾರುಬೂದಿ ನಮ್ಮ ಬಟ್ಟೆಯ ಮೇಲೆ ಕೂರುತ್ತದೆ. ಕರ್ನಾಟಕ ವಿದ್ಯುತ್ ನಿಗಮದ ಮೂರು ಕಲ್ಲಿದ್ದಲು ಸ್ಥಾವರಗಳೂ ಇರುವುದು ರಾಯಚೂರು, ಬಳ್ಳಾರಿ ಈ ಎರಡೇ ಜಿಲ್ಲೆಗಳಲ್ಲಿ: ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಯರಮರಸ್‌ನಲ್ಲಿ 1600, ಕುಡತಿನಿಯಲ್ಲಿ 1700. ಹಾಗಾಗಿ ಈ ಪ್ರಶ್ನೆಗೆ ನಯವಾದ ಉತ್ತರ ಕೊಟ್ಟು ಜಾರಿಕೊಳ್ಳುವುದು ಇಲ್ಲಿ ಸರಿಯಲ್ಲ. ಲೆಕ್ಕ ಬಿಡಿಸಿ ನೋಡೋಣ.

ನಡುಗಾತ್ರದ ಒಂದು ಕಾರು, 100 ಕಿಲೋಮೀಟರ್ ಓಟ. ಪೆಟ್ರೋಲ್ ಕಾರು ಊರು ಮತ್ತು ಹೆದ್ದಾರಿ ಸೇರಿಸಿ ಲೀಟರಿಗೆ 15 ಕಿಮೀ ಕೊಟ್ಟರೆ 100 ಕಿಮೀಗೆ ಸುಮಾರು ಆರೂವರೆ ಲೀಟರ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿನ ತೂಕವೇ ಮುಕ್ಕಾಲು ಕೆಜಿ ಇರುವಾಗ ಇದು ಹೇಗೆ ಎಂದು ಕೆಲವರು ಕೇಳುತ್ತಾರೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಅಲ್ಲಿಗೆ 15 ಕೆಜಿ. ಕಚ್ಚಾತೈಲವನ್ನು ಬಾವಿಯಿಂದ ಎತ್ತಿ, ಹಡಗಿನಲ್ಲಿ ತಂದು, ಸಂಸ್ಕರಿಸಿ, ಟ್ಯಾಂಕರಿನಲ್ಲಿ ಬಂಕಿಗೆ ಮುಟ್ಟಿಸಲು ಖರ್ಚಾಗುವ ಇಂಧನಕ್ಕೆ ಇನ್ನೊಂದು ಶೇ. 20 ಸೇರಿಸಿ. ಒಟ್ಟು 18 ಕೆಜಿ.

ಅದೇ ಗಾತ್ರದ ವಿದ್ಯುತ್ ಕಾರಿಗೆ ಗೋಡೆಯ ಪ್ಲಗ್ಗಿನಲ್ಲಿ ಅಳೆದರೆ 100 ಕಿಮೀಗೆ ಸುಮಾರು 16 ಯೂನಿಟ್ ಬೇಕು. ಡ್ಯಾಶ್‌ಬೋರ್ಡ್ 14 ಎಂದು ತೋರಿಸಬಹುದು, ಅದನ್ನು ನಂಬಬೇಡಿ. ಚಾರ್ಜರಿನಲ್ಲಿ ಮತ್ತು ಬ್ಯಾಟರಿಯೊಳಗೆ ಶಾಖವಾಗಿ ಹೋಗುವ ಶೇ. 10ರಿಂದ 15 ಅಲ್ಲಿ ಕಾಣುವುದಿಲ್ಲ, ಮೀಟರಿನಲ್ಲಿ ಕಾಣುತ್ತದೆ. ಈ 16 ಯೂನಿಟ್ ನಿಮ್ಮ ಮನೆಗೆ ಬರಬೇಕಾದರೆ ತಂತಿ, ಟ್ರಾನ್ಸ್‌ಫಾರ್ಮರುಗಳಲ್ಲಿ ಕಳೆದುಹೋಗುವುದನ್ನೂ ಹಿಡಿದು ಸ್ಥಾವರದಿಂದ 18 ಯೂನಿಟ್ಟಿಗಿಂತ ತುಸು ಹೆಚ್ಚೇ ಹೊರಡಬೇಕು. ಕಲ್ಲಿದ್ದಲು ಸ್ಥಾವರ ತನ್ನ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳಿಗೇ ಶೇ. 8ರಷ್ಟು ಬಳಸಿಕೊಳ್ಳುತ್ತದೆ. ಅಂದರೆ ಜನರೇಟರಿನಲ್ಲಿ 20 ಯೂನಿಟ್ ಹುಟ್ಟಬೇಕು.

ಆ 20 ಯೂನಿಟ್ ಪೂರಾ ಹಳೆಯ 210 ಮೆಗಾವ್ಯಾಟ್ ಘಟಕವೊಂದರಿಂದಲೇ ಬಂತು ಎಂದುಕೊಳ್ಳೋಣ. ಯೂನಿಟ್ಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು, ಒಟ್ಟು 13 ಕೆಜಿ. ಒಂದು ಪ್ಲಾಸ್ಟಿಕ್ ಬಕೆಟ್ ತುಂಬುವಷ್ಟು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲು ಬರೀ ಬೂದಿ. ಆದ್ದರಿಂದ 100 ಕಿಮೀ ಓಡಿದ ಒಂದು ಕಾರಿನ ಲೆಕ್ಕದಲ್ಲಿ ನಾಲ್ಕು ಕೆಜಿಗಿಂತ ಹೆಚ್ಚು ಬೂದಿ ಸ್ಥಾವರದಲ್ಲಿ ಉಳಿಯುತ್ತದೆ. ಒಂದಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ, ಮಿಕ್ಕಿದ್ದು ಬೂದಿ ಹೊಂಡಕ್ಕೆ. ಇಂಗಾಲದ ಡೈಆಕ್ಸೈಡ್ 18ರಿಂದ 19 ಕೆಜಿ. ಪೆಟ್ರೋಲಿಗೆ 18 ಬಂದಿತ್ತು, ನೆನಪಿರಲಿ.

ಹಾಗಾದರೆ ಪ್ರಶ್ನೆ ಕೇಳಿದವರು ಹೇಳಿದ್ದೇ ನಿಜವೇ? ಹಳೆಯ ಕಲ್ಲಿದ್ದಲು ಘಟಕ ಒಂದರಿಂದಲೇ ಚಾರ್ಜ್ ಮಾಡಿದರೆ, ಹೊಗೆಯ ಲೆಕ್ಕದಲ್ಲಿ ನಿಜವೇ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ಸ್ಥಿತಿಯಲ್ಲೂ ಎರಡು ವ್ಯತ್ಯಾಸಗಳಿವೆ. ಆ ಕಲ್ಲಿದ್ದಲು ಹೆಚ್ಚಿನ ಮಟ್ಟಿಗೆ ನಮ್ಮದೇ ನೆಲದ್ದು. ಶಕ್ತಿನಗರಕ್ಕೆ ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರ ಕಡೆಯ ವೆಸ್ಟರ್ನ್ ಗಣಿಗಳಿಂದ ಬರುತ್ತದೆ. ಪೆಟ್ರೋಲಿನ ಕಚ್ಚಾತೈಲವೋ, ನೂರರಲ್ಲಿ 85ಕ್ಕಿಂತ ಹೆಚ್ಚು ಪಾಲು ಹೊರದೇಶದ್ದು. ಇನ್ನೊಂದು ಶಾಖದ ಲೆಕ್ಕ. ಆ 20 ಯೂನಿಟ್ಟಿಗೆ ಸುಮಾರು 49 ಸಾವಿರ ಕಿಲೋಕ್ಯಾಲೊರಿ ಕಲ್ಲಿದ್ದಲು ಉರಿಯುತ್ತದೆ. ಆರೂವರೆ ಲೀಟರ್ ಪೆಟ್ರೋಲಿಗೆ 50 ಸಾವಿರ, ಸಂಸ್ಕರಣೆ, ಸಾಗಣೆ ಸೇರಿದರೆ 60 ಸಾವಿರ. ಸ್ಥಾವರದಲ್ಲಿ ಮೂರನೇ ಎರಡು ಪಾಲು ಶಾಖ ಕಳೆದ ಮೇಲೂ ಗೆಲ್ಲುವುದು ವಿದ್ಯುತ್ ಕಾರೇ, ಏಕೆಂದರೆ ಕಾರಿನ ಎಂಜಿನ್ ಅದಕ್ಕಿಂತಲೂ ದುಂದುಗಾರ. ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಎಂಜಿನ್ ತನ್ನೊಳಗೆ ಹೋದ ಶಾಖದ ಐದನೇ ಒಂದು ಪಾಲನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದೂ ಇಲ್ಲ.

ಇನ್ನು ಪೂರಾ ಕಲ್ಲಿದ್ದಲು ಎಂಬ ಊಹೆಯನ್ನೇ ಬಿಚ್ಚಿ ನೋಡಬೇಕು. ಗ್ರಿಡ್, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ವಿದ್ಯುತ್ ಜಾಲ, ಒಂದು ಕೆರೆಯಂತೆ. ಅದಕ್ಕೆ ಶಕ್ತಿನಗರದ ಕಾಲುವೆಯೂ ಬೀಳುತ್ತದೆ, ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನದೂ ಬೀಳುತ್ತದೆ, ಶರಾವತಿಯದು, ಕೈಗಾದ ಅಣು ಸ್ಥಾವರದ್ದು, ಮುನಿರಾಬಾದಿನ ತುಂಗಭದ್ರಾ ಜಲವಿದ್ಯುತ್ತು, ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ, ಕುಷ್ಟಗಿ ಬಯಲಲ್ಲಿ ತಿರುಗುವ ಗಾಳಿಯಂತ್ರಗಳದ್ದು, ಎಲ್ಲವೂ ಬೀಳುತ್ತವೆ. ಇಡೀ ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ 0.7 ಕೆಜಿಗೆ ಸ್ವಲ್ಪ ಮೇಲೆ ಇಂಗಾಲದ ಡೈಆಕ್ಸೈಡ್ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಲೆಕ್ಕ ಹಾಕುತ್ತದೆ. ಆ ಸರಾಸರಿಯಲ್ಲಿ ನಮ್ಮ 100 ಕಿಮೀಗೆ ಬೀಳುವುದು 13 ಕೆಜಿ ಆಸುಪಾಸು. ಪೆಟ್ರೋಲಿನ 18ರ ಎದುರು ಕಾಲು ಭಾಗಕ್ಕಿಂತ ಹೆಚ್ಚಿನ ಉಳಿತಾಯ.

ಇಲ್ಲಿ ಪತ್ರಿಕೆಗಳಲ್ಲಿ ಆಗಾಗ ಆಗುವ ಒಂದು ಗೊಂದಲ ಹೇಳಿಬಿಡುತ್ತೇವೆ. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಮೂಲಗಳದ್ದಾಯಿತು, ಅಂದರೆ ಕಲ್ಲಿದ್ದಲು, ತೈಲ, ಅನಿಲ ಬಿಟ್ಟ ಮೂಲಗಳದ್ದು. ಇದು ನಿಜ, ಹೆಮ್ಮೆಯ ವಿಷಯವೂ ಹೌದು. ಆದರೆ ಸಾಮರ್ಥ್ಯ ಅರ್ಧವಾದರೆ ಯೂನಿಟ್ಟೂ ಅರ್ಧ ಎಂದಲ್ಲ. ಒಂದು ಮೆಗಾವ್ಯಾಟ್ ಸೌರ ಫಲಕ ವರ್ಷಕ್ಕೆ 15ರಿಂದ 20 ಲಕ್ಷ ಯೂನಿಟ್ ಕೊಟ್ಟರೆ, ಒಂದು ಮೆಗಾವ್ಯಾಟ್ ಕಲ್ಲಿದ್ದಲು ಅದರ ಮೂರು ಪಟ್ಟಿಗೂ ಹೆಚ್ಚು ಕೊಡುತ್ತದೆ. ಸೂರ್ಯ ರಾತ್ರಿ ಇರುವುದಿಲ್ಲ, ಬಾಯ್ಲರಿಗೆ ರಾತ್ರಿ ಹಗಲಿಲ್ಲ.

ಈ ಕೊನೆಯ ಮಾತೇ ಇವತ್ತಿನ ವಿಷಯದ ತಿರುಳು. ವಿದ್ಯುತ್ ಕಾರು ಇಂಧನ ಉಳಿಸುತ್ತದೋ ಇಲ್ಲವೋ ಎನ್ನುವುದಕ್ಕೆ ಉತ್ತರ ಕಾರಿನಲ್ಲಿಲ್ಲ, ನೀವು ಪ್ಲಗ್ ಹಾಕುವ ಹೊತ್ತಿನಲ್ಲಿದೆ.

ನೀವು ಸಂಜೆ ಏಳಕ್ಕೆ ಮನೆಗೆ ಬಂದು ಪ್ಲಗ್ ಹಾಕಿದ ಕ್ಷಣ ಗ್ರಿಡ್‌ನಲ್ಲಿ ಮೂರು ಕಿಲೋವ್ಯಾಟ್ ಬೇಡಿಕೆ ಹೆಚ್ಚುತ್ತದೆ. ಯಾವ ಸ್ಥಾವರ ಅದನ್ನು ತುಂಬಿಕೊಡುತ್ತದೆ? ಸೂರ್ಯ ಮುಳುಗಿದೆ. ಗಾಳಿ ಬೀಸಿದಷ್ಟು ಬೀಸುತ್ತದೆ, ನಿಮಗಾಗಿ ಹೆಚ್ಚು ಬೀಸುವುದಿಲ್ಲ. ಕೈಗಾ ಯಾವಾಗಲೂ ಒಂದೇ ಸಮ ಓಡುತ್ತದೆ. ಶರಾವತಿಯ ಗೇಟು ತೆರೆದು ತುಂಬಿಸಬಹುದು, ಆದರೆ ಜಲಾಶಯದಲ್ಲಿ ಇರುವ ನೀರು ಇಷ್ಟೇ; ಇವತ್ತು ಹೆಚ್ಚು ಬಿಟ್ಟರೆ ಏಪ್ರಿಲ್ಲಿನಲ್ಲಿ ಅಷ್ಟು ಕಡಿಮೆಯಾಗುತ್ತದೆ, ಆಗ ಆ ಕೊರತೆ ತುಂಬುವುದು ಮತ್ತೆ ಕಲ್ಲಿದ್ದಲೇ. ಸುತ್ತಿ ಬಳಸಿ ನಿಮ್ಮ ಸಂಜೆಯ ಪ್ಲಗ್ ಶಕ್ತಿನಗರಕ್ಕೋ ಕುಡತಿನಿಗೋ ಹೋಗಿ ನಿಲ್ಲುತ್ತದೆ. ಸರಾಸರಿ ಏನೇ ಇರಲಿ, ನೀವು ಹೆಚ್ಚಿಸಿದ ಆ ಒಂದು ಯೂನಿಟ್ಟು ಬಹುಪಾಲು ಕಲ್ಲಿದ್ದಲಿನದ್ದು.

ಬೆಳಗ್ಗೆ ಹನ್ನೊಂದಕ್ಕೆ ಅದೇ ಪ್ಲಗ್ ಹಾಕಿ. ಆಗ ಸೌರ ವಿದ್ಯುತ್ತು ಏರಿಬಂದಿರುತ್ತದೆ. ಕೃಷಿ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟನ್ನು ಹಗಲಿಗೆ ತರುತ್ತಿರುವುದೂ ಇದೇ ಕಾರಣಕ್ಕೆ ಎಂದು ರೈತರಿಗೆ ಗೊತ್ತು. ಸೌರ ವಿದ್ಯುತ್ತಿಗೆ ಜಾಗ ಮಾಡಿಕೊಡಲು ಯಾವ ಸ್ಥಾವರ ಎಷ್ಟು ಓಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಕಲ್ಲಿದ್ದಲು ಘಟಕಗಳನ್ನು ತಗ್ಗಿಸುತ್ತಾರೆ. ಆದರೆ ತಗ್ಗಿಸುವುದಕ್ಕೂ ಮಿತಿಯಿದೆ. ಈವರೆಗೆ ನಡೆದುಬಂದ ನಿಯಮದಲ್ಲಿ ಆ ಮಿತಿ ಶೇ. 55, 210 ಮೆಗಾವ್ಯಾಟ್ ಘಟಕ 115ರ ಕೆಳಗೆ ಇಳಿದರೆ ಒಲೆಯ ಜ್ವಾಲೆ ಅಲುಗಾಡುತ್ತದೆ, ಅದನ್ನು ಹಿಡಿದಿಡಲು ಫರ್ನೇಸ್ ಎಣ್ಣೆ ಸುರಿಯಬೇಕಾಗುತ್ತದೆ. ಅರ್ಧ ಭಾರದಲ್ಲಿ ಓಡುವ ಘಟಕ ಒಂದೊಂದು ಯೂನಿಟ್ಟಿಗೂ ಹೆಚ್ಚು ಕಲ್ಲಿದ್ದಲು ತಿನ್ನುತ್ತದೆ. ಅದಕ್ಕೂ ಮೀರಿ ಸೌರ ವಿದ್ಯುತ್ತು ಉಳಿದರೆ ಸೌರ ಪಾರ್ಕನ್ನೇ ತಗ್ಗಿಸುತ್ತಾರೆ. ಬಿಸಿಲು ಬೀಳುತ್ತಿರುತ್ತದೆ, ಕರೆಂಟು ಮಾತ್ರ ಬೇಡವಾಗಿರುತ್ತದೆ. ಅಂಥ ಹೊತ್ತಿನಲ್ಲಿ ಕಾರಿಗೆ ಹೋದ ಯೂನಿಟ್ಟು ಯಾವ ಕಲ್ಲಿದ್ದಲನ್ನೂ ಹೆಚ್ಚಿಗೆ ಉರಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಜೋರಾಗಿದ್ದಾಗ ರಾತ್ರಿಯ ಚಿತ್ರವೂ ಒಂದಿಷ್ಟು ಬದಲಾಗುತ್ತದೆ. ಕೊಪ್ಪಳದ ಗಾಳಿಯಂತ್ರಗಳು ಆಗ ಹೊತ್ತು ನೋಡದೆ ತಿರುಗುತ್ತವೆ. ಮಾರ್ಚ್, ಏಪ್ರಿಲ್ಲಿನ ಸಂಜೆ ಎಲ್ಲಕ್ಕಿಂತ ಕೆಟ್ಟ ಹೊತ್ತು. ಗಾಳಿಯಿಲ್ಲ, ಜಲಾಶಯ ತಳ ಕಂಡಿರುತ್ತದೆ, ಮನೆಮನೆಯಲ್ಲಿ ಕೂಲರು, ಎಸಿ ಓಡುತ್ತಿರುತ್ತವೆ.

ಈ ಹೊತ್ತಿನ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಬ್ಯಾಟರಿಯ ಸಾಲವನ್ನು ನೋಡಿದಾಗ ಗೊತ್ತಾಗುತ್ತದೆ. ವಿದ್ಯುತ್ ಕಾರು ಷೋರೂಮಿನಿಂದ ಹೊರಬರುವಾಗಲೇ ಸಾಲ ಹೊತ್ತುಕೊಂಡು ಬರುತ್ತದೆ. ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್ (ಅಂದರೆ ಒಂದು ಯೂನಿಟ್) ಸಾಮರ್ಥ್ಯ ತಯಾರಿಸಲು, ಯಾವ ದೇಶದಲ್ಲಿ ಯಾವ ಕರೆಂಟಿನಿಂದ ತಯಾರಾಯಿತು ಎಂಬುದರ ಮೇಲೆ, 60ರಿಂದ 100 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. 40 ಕಿಲೋವ್ಯಾಟ್ ಅವರ್ ಬ್ಯಾಟರಿಗೆ 75ರಂತೆ ಹಿಡಿದರೆ ಮೂರು ಟನ್. ದೇಶದ ಸರಾಸರಿ ಕರೆಂಟಿನಲ್ಲಿ 100 ಕಿಮೀಗೆ ಐದು ಕೆಜಿ ಉಳಿಯುವುದರಿಂದ ಈ ಸಾಲ ತೀರಲು 60 ಸಾವಿರ ಕಿಮೀ ಓಡಬೇಕು. ವರ್ಷಕ್ಕೆ 12 ಸಾವಿರ ಓಡುವವರಿಗೆ ಐದು ವರ್ಷ. ಹಗಲಿನ ಸೌರ ಕರೆಂಟಿನಲ್ಲಿ 100 ಕಿಮೀಗೆ ಸುಮಾರು 17 ಕೆಜಿ ಉಳಿಯುತ್ತದೆ, ಸಾಲ 18 ಸಾವಿರ ಕಿಮೀಗೇ ತೀರುತ್ತದೆ, ಒಂದೂವರೆ ವರ್ಷ. ಬರೀ ಹಳೆಯ ಕಲ್ಲಿದ್ದಲಿನ ಕರೆಂಟಿನಲ್ಲಿ ಆ ಸಾಲ ತೀರುವುದೇ ಇಲ್ಲ. ಕಾರು ಒಂದೇ, ಬ್ಯಾಟರಿ ಒಂದೇ, ಮಾಲೀಕರೂ ಒಬ್ಬರೇ. ಬದಲಾದದ್ದು ಗಡಿಯಾರ.

ದೊಡ್ಡ ಬ್ಯಾಟರಿ ಬೇಕೇಬೇಕು ಎನ್ನುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗುವುದಕ್ಕಾಗಿ 75 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಉಳಿದ 350 ದಿನ ರಾಯಚೂರಿನೊಳಗೆ ಹೊತ್ತು ತಿರುಗಿದರೆ ಸಾಲವೂ ಹೆಚ್ಚು, ತೂಕವೂ ಹೆಚ್ಚು.

ಈಗ ಹೈಬ್ರಿಡ್, ಅಂದರೆ ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಗಾಡಿ. ಈ ಒಂದು ಪದದ ಕೆಳಗೆ ಮೂರು ಬೇರೆ ಬೇರೆ ಗಾಡಿಗಳನ್ನು ಮಾರುತ್ತಾರೆ, ಖರೀದಿಸುವವರು ಮೋಸಹೋಗುವುದು ಇಲ್ಲೇ. ಮೈಲ್ಡ್ ಹೈಬ್ರಿಡ್ ಎಂದರೆ ಸ್ಟಾರ್ಟರ್ ಮೋಟಾರಿಗೆ ಸ್ವಲ್ಪ ಬಲ ಕೂಡಿಸಿದ ಪೆಟ್ರೋಲ್ ಕಾರು, ಅಷ್ಟೇ. ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಒಂದೆರಡು ಕಿಲೋವ್ಯಾಟ್ ಅವರ್ ಬ್ಯಾಟರಿ ಇರುತ್ತದೆ. ಬ್ರೇಕ್ ಹಾಕಿದಾಗ ತುಂಬಿಕೊಳ್ಳುತ್ತದೆ, ನಿಧಾನದ ಓಟದಲ್ಲಿ ಎಂಜಿನ್ ಆಫ್ ಆಗಿ ಮೋಟಾರು ಎಳೆಯುತ್ತದೆ. ಇದಕ್ಕೆ ಪ್ಲಗ್ ಇಲ್ಲ. ಒಳಗೆ ಹೋಗುವ ಪ್ರತಿ ಕಣ ಶಕ್ತಿಯೂ ಬಂಕಿನಿಂದಲೇ ಬರುತ್ತದೆ. ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ 10ರಿಂದ 20 ಕಿಲೋವ್ಯಾಟ್ ಅವರ್ ಬ್ಯಾಟರಿ, ಗೋಡೆಯಿಂದ ಚಾರ್ಜ್, 50ರಿಂದ 80 ಕಿಮೀ ಎಣ್ಣೆಯಿಲ್ಲದ ಓಟ, ಆಮೇಲೆ ಎಂಜಿನ್. ನಮ್ಮಲ್ಲಿ ಇಂಥವು ಬೆರಳೆಣಿಕೆಯಷ್ಟು, ದುಬಾರಿಯೂ ಹೌದು.

ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ ವಿದ್ಯುತ್ ಗಾಡಿಯ ಪಕ್ಷಪಾತಿಗಳು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಲೀಟರಿಗೆ 21 ಕಿಮೀ ಕೊಡುವ ಸ್ಟ್ರಾಂಗ್ ಹೈಬ್ರಿಡ್ 100 ಕಿಮೀಗೆ 4.8 ಲೀಟರ್ ಕುಡಿಯುತ್ತದೆ. ಸಂಸ್ಕರಣೆ ಸೇರಿಸಿ 13 ಕೆಜಿ. ದೇಶದ ಸರಾಸರಿ ಕರೆಂಟಿನಲ್ಲಿ ಓಡುವ ವಿದ್ಯುತ್ ಕಾರಿಗೂ 13. ಇವತ್ತಿನ ಮಟ್ಟಿಗೆ ಸಮ. ರಾತ್ರಿಯಷ್ಟೇ ಚಾರ್ಜ್ ಮಾಡುವ ಅನಿವಾರ್ಯತೆ ಇರುವವರಿಗೆ ಹೈಬ್ರಿಡ್ಡೇ ತುಸು ಮೇಲೆ ಎನ್ನಬಹುದು. ಆದರೆ ಹೈಬ್ರಿಡ್ ಕೊಂಡ ದಿನ ಎಷ್ಟು ಕುಡಿಯುತ್ತಿತ್ತೋ 15 ವರ್ಷದ ಕೊನೆಗೂ ಅಷ್ಟೇ ಕುಡಿಯುತ್ತದೆ, ಸವೆದರೆ ಇನ್ನೂ ಹೆಚ್ಚು. ವಿದ್ಯುತ್ ಕಾರಿನ ಹೊಗೆ ಗ್ರಿಡ್ ಶುದ್ಧವಾದ ಹಾಗೆಲ್ಲ, ಮಾಲೀಕರು ಏನೂ ಮಾಡದೆಯೇ, ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ತೂಕ ಆ ಕಡೆಗಿದೆ.

ಪ್ಲಗ್-ಇನ್ ಹೈಬ್ರಿಡ್ಡಿನದು ಕಾಗದಕ್ಕೂ ರಸ್ತೆಗೂ ಅಜಗಜಾಂತರವಿರುವ ಕಥೆ. ಯುರೋಪಿನಲ್ಲಿ ಹೊಸ ಕಾರುಗಳೊಳಗೆ ಇಂಧನ ಮಾಪಕ ಕಡ್ಡಾಯ ಮಾಡಿ, ರಸ್ತೆಯ ಮೇಲಿನ ನಿಜವಾದ ಬಳಕೆಯ ಅಂಕಿ ಕಲೆಹಾಕಿದರು. 2024ರಲ್ಲಿ ಯುರೋಪಿಯನ್ ಆಯೋಗ ಹೊರಗೆಡವಿದ ಫಲಿತಾಂಶ: ಪ್ಲಗ್-ಇನ್ ಹೈಬ್ರಿಡ್ಡುಗಳ ನಿಜವಾದ ಹೊಗೆ ಪ್ರಯೋಗಾಲಯದ ಅಂಕಿಗಿಂತ ಮೂರೂವರೆ ಪಟ್ಟು. ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಶೇ. 20ರಷ್ಟು ಮಾತ್ರ. ಯಂತ್ರದಲ್ಲಿ ಕೆಡುಕಿಲ್ಲ. ಪರೀಕ್ಷೆಯಲ್ಲಿ ದಿನವೂ ಪ್ಲಗ್ ಹಾಕುತ್ತಾರೆಂದು ಊಹಿಸಿದ್ದರು, ಜನ ಹಾಕಲಿಲ್ಲ. ಅದರಲ್ಲೂ ಕಂಪನಿ ಕೊಟ್ಟ ಕಾರು, ಕಂಪನಿಯೇ ಎಣ್ಣೆಯ ಬಿಲ್ಲು ಕಟ್ಟುವುದು ಎಂದಾದರೆ ಮನೆಯ ಕರೆಂಟು ಖರ್ಚು ಮಾಡಿ ಪ್ಲಗ್ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಚಾರ್ಜ್ ಕೇಬಲ್ಲು ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಸುತ್ತಿದಂತೆಯೇ ಉಳಿಯುತ್ತದೆ. ಖಾಲಿ ಬ್ಯಾಟರಿ, ಮೋಟಾರು ಸೇರಿ 200 ಕೆಜಿಯಷ್ಟು ತೂಕವನ್ನು ಎಂಜಿನ್ ಎಳೆಯುತ್ತಿರುತ್ತದೆ.

ಪ್ಲಗ್ ಹಾಕುವವರ ಲೆಕ್ಕ ಬೇರೆ. ತಿಂಗಳಿಗೆ 25 ದಿನ 50 ಕಿಮೀ ಓಡಾಟ, ಒಂದು ಸಲ ಬೆಂಗಳೂರಿಗೆ ಹೋಗಿಬರುವ 800 ಕಿಮೀ. ಒಟ್ಟು 2050 ಕಿಮೀ. ಪ್ಲಗ್ ಮುಟ್ಟದಿದ್ದರೆ ಲೀಟರಿಗೆ 14ರಂತೆ 146 ಲೀಟರ್. ದಿನವೂ ಪ್ಲಗ್ ಹಾಕಿದರೆ ಬೆಂಗಳೂರಿನ ದಾರಿಯ 750 ಕಿಮೀಗೆ ಮಾತ್ರ ಎಣ್ಣೆ, 54 ಲೀಟರ್. ಉಳಿದದ್ದಕ್ಕೆ 260 ಯೂನಿಟ್. ಎಣ್ಣೆ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿಯಿತು. ಇಂಥ ಗಾಡಿ ಇದ್ದವರು ಒಂದು ಗುಂಡಿಯಿಂದ ದೂರವಿರಬೇಕು. ಕೆಲವು ಕಾರುಗಳಲ್ಲಿ 'ಚಾರ್ಜ್' ಎಂಬ ಮೋಡ್ ಇರುತ್ತದೆ. ಒತ್ತಿದರೆ ಎಂಜಿನ್ ಓಡುತ್ತ ಬ್ಯಾಟರಿ ತುಂಬುತ್ತದೆ. ಪೆಟ್ರೋಲಿನಿಂದ ಕರೆಂಟು ಮಾಡುವ ದುಬಾರಿ ಮಾರ್ಗ ಇದು. ಹೆದ್ದಾರಿಯ ಪಕ್ಕ ಡೀಸೆಲ್ ಜನರೇಟರಿನಿಂದ ವಿದ್ಯುತ್ ಕಾರು ಚಾರ್ಜ್ ಮಾಡುವುದೂ ಅದೇ ಜಾತಿಯದು. ಜನರೇಟರು ಒಂದು ಲೀಟರಿಗೆ ಮೂರು, ಮೂರೂವರೆ ಯೂನಿಟ್ ಕೊಡುತ್ತದೆ. 16 ಯೂನಿಟ್ಟಿಗೆ ಐದು ಲೀಟರ್ ಡೀಸೆಲ್ಲು ಹೋಯಿತು, ಉಳಿದದ್ದು ಏನೂ ಇಲ್ಲ.

ನಮ್ಮ ಬೇಸಿಗೆಯ ವಿಷಯ. 42, 43 ಡಿಗ್ರಿಯಲ್ಲಿ ಕಾರಿನ ಎಸಿ ಒಂದರಿಂದ ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿಮೀ ಓಡುವಾಗ ಇದು 100 ಕಿಮೀಗೆ ಎರಡು ಯೂನಿಟ್. ಪೇಟೆಯಲ್ಲಿ ಗಂಟೆಗೆ 20ರಂತೆ ತೆವಳುವಾಗ ಅದೇ 100 ಕಿಮೀಗೆ ಐದು ಗಂಟೆ ಬೇಕು, ಆರು ಯೂನಿಟ್ ಎಸಿಗೇ ಹೋಯಿತು. ಪ್ಲಗ್ಗಿನಲ್ಲಿ ಇರುವಾಗಲೇ ಕಾರನ್ನು ತಂಪು ಮಾಡಿಕೊಂಡು ಹೊರಡುವುದು, ಬೇವಿನ ಮರದ ನೆರಳಲ್ಲಿ ನಿಲ್ಲಿಸುವುದು ಇದಕ್ಕೇ. ಬಿಸಿಲಿನಲ್ಲಿ ಪೂರ್ತಿ ತುಂಬಿದ ಬ್ಯಾಟರಿ ದಿನಗಟ್ಟಲೆ ನಿಲ್ಲಬಾರದು, ಬೇಗ ಮುದಿಯಾಗುತ್ತದೆ. ನಿಕ್ಕಲ್ ಬೆರೆಸಿದ ಬ್ಯಾಟರಿಯಾದರೆ ದಿನದ ಬಳಕೆಗೆ ಶೇ. 80ಕ್ಕೆ ನಿಲ್ಲಿಸಿ. ಕಬ್ಬಿಣದ ಫಾಸ್ಫೇಟಿನದಾದರೆ ಅಳತೆ ಸರಿಯಾಗಿರಲು ಆಗಾಗ, ವಾರಕ್ಕೊಮ್ಮೆಯಂತೆ, ಶೇ. 100 ತುಂಬಿಸಿ, ತುಂಬಿದ ಮೇಲೆ ಓಡಿಸಿಬಿಡಿ. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೋ ಆ ಮೂರು ಟನ್ ಸಾಲ ಅಷ್ಟು ಕಿಲೋಮೀಟರಿಗೆ ಹಂಚಿಹೋಗುತ್ತದೆ.

ಮನೆಯ ವೈರಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ಆಗುವ ತಪ್ಪು ಮನೆ ಸುಡುತ್ತದೆ. ಕಾರಿನ ಜೊತೆ ಬರುವ ಕೈಚಾರ್ಜರ್ 15 ಆಂಪಿಯರ್ ಸಮೀಪ ಎಳೆಯುತ್ತದೆ, ಅದೂ ಏಳೆಂಟು ಗಂಟೆ ಬಿಡದೆ. ಗೀಸರು ಕಾಲು ಗಂಟೆ ಓಡಿ ನಿಲ್ಲುತ್ತದೆ. ಎಸಿ ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳುತ್ತದೆ. ನಮ್ಮ ಪವರ್ ಪ್ಲಗ್ ಸಾಕೆಟ್ಟು ಇಷ್ಟು ಹೊತ್ತಿನ ಭಾರ ಹೊತ್ತದ್ದೇ ಇಲ್ಲ. ಕೆಟ್ಟ ಸಾಕೆಟ್ಟೊಂದನ್ನು ಹತ್ತಿರದಿಂದ ನೋಡಿ: ಎದುರಿನಿಂದ ನೋಡಿದಾಗ ಬಲಗಡೆಯದು ಫೇಸಿನ ತೂತು. ಅದರ ಸುತ್ತ ಮೊದಲು ಚಹಾದ ಕಲೆಯಂಥ ಕಂದು ಬಣ್ಣ ಬರುತ್ತದೆ. ಆಮೇಲೆ ಪ್ಲಾಸ್ಟಿಕ್ಕು ಉಬ್ಬಿ ತೂತು ಉದ್ದವಾಗುತ್ತದೆ, ಪ್ಲಗ್ ತೆಗೆಯುವಾಗ ಅಂಟಿಕೊಂಡಂತೆ ಬರುತ್ತದೆ. ಹಿಂದಿನ ಸ್ಕ್ರೂ ಬಿಚ್ಚಿದರೆ ವೈರಿನ ಹೊದಿಕೆ ಒಂದಿಂಚು ಕರಿದಾಗಿ ಪುಡಿಯಾಗಿರುತ್ತದೆ. ಕಾರಣ ಒಂದು ಸಡಿಲ ಸ್ಕ್ರೂ, ಇಲ್ಲವೇ ಸೋತ ಸ್ಪ್ರಿಂಗು. ಆ ಜಾಗದಲ್ಲಿ ಬರೀ 0.3 ಓಮ್ ತಡೆ ಇದ್ದರೂ 15 ಆಂಪಿಯರಿನಲ್ಲಿ 67 ವ್ಯಾಟ್ ಶಾಖ ಹುಟ್ಟುತ್ತದೆ. ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ಮುಷ್ಟಿಯಲ್ಲಿ ಹಿಡಿದಂತೆ, ರಾತ್ರಿಯಿಡೀ.

ಹೀಗೆ ಮಾಡಿ. ಮೀಟರ್ ಬೋರ್ಡಿನಿಂದ ಕಾರಿಗೆಂದೇ ಪ್ರತ್ಯೇಕ ಲೈನು, ಮಧ್ಯೆ ಎಲ್ಲೂ ಕೂಡುಗಂಟು ಬೇಡ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಅದರಲ್ಲೂ ಎ ಟೈಪ್ ಕೇಳಿ ಕೊಳ್ಳಿ, ಮಾಮೂಲಿ ಎಸಿ ಟೈಪ್ ಚಾರ್ಜರಿನ ಸೋರಿಕೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಸಾಧ್ಯವಾದರೆ ಮೂರು ಕಡ್ಡಿಯ ಸಾಮಾನ್ಯ ಸಾಕೆಟ್ಟಿನ ಬದಲು ದುಂಡನೆಯ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕುವುದಾದರೆ ವೈರು 6 ಸ್ಕ್ವೇರ್ ಎಂಎಂ, ಎಂಸಿಬಿ 40 ಆಂಪಿಯರ್, ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಲ್ಲಿ ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕು. ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಆಗಲೇ ನಿಲ್ಲಿಸಿ.

ಅರ್ಥಿಂಗ್ ನಮ್ಮ ಕಡೆಯ ದೊಡ್ಡ ತೊಡಕು. ಕಾರು ಅರ್ಥ್ ಇಲ್ಲವೆಂದು ಕಂಡರೆ ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ. ಬೇಸಿಗೆಯಲ್ಲಿ ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಬಳ್ಳಾರಿ ಕಡೆಯ ಕಲ್ಲು ನೆಲದಲ್ಲಿ ಮೊದಲಿಗೇ ತೇವ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಚಾರ್ಜ್ ಆಗುತ್ತಿದ್ದ ಕಾರು ಏಪ್ರಿಲ್ಲಿನಲ್ಲಿ ಕೆಂಪು ದೀಪ ತೋರಿಸಿದರೆ ಮೊದಲು ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಮೀಟರಿಟ್ಟು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ, ಎರಡು ಮೂರು ವೋಲ್ಟ್ ಒಳಗಿರಬೇಕು. ಕೆಲವರು ಕಾರನ್ನು ಸುಮ್ಮನಾಗಿಸಲು ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲನ್ನೇ ಅರ್ಥ್ ಕಡ್ಡಿಗೆ ಕಟ್ಟಿಕೊಡುತ್ತಾರೆ. ಇದನ್ನು ದಯವಿಟ್ಟು ಮಾಡಿಸಿಕೊಳ್ಳಬೇಡಿ. ಕಂಬದಲ್ಲಿ ನ್ಯೂಟ್ರಲ್ ಹರಿದ ದಿನ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ, ಬಾಗಿಲ ಹಿಡಿ ಮುಟ್ಟುವುದು ಮನೆಯ ಮಕ್ಕಳು.

ಗೃಹಜ್ಯೋತಿ ಇರುವ ಮನೆಗಳಿಗೆ ಒಂದು ಎಚ್ಚರಿಕೆ. ತಿಂಗಳಿಗೆ 1000 ಕಿಮೀ ಓಡಿದರೆ ಕಾರು 160 ಯೂನಿಟ್ ಕೇಳುತ್ತದೆ. ಮನೆಯದು 90 ಇದ್ದರೂ ಒಟ್ಟು 250 ಆಯಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಬೇರೆ ದರದ ವರ್ಗವಿದೆ, ಪ್ರತ್ಯೇಕ ಮೀಟರಿಗೆ ಅರ್ಜಿ ಕೊಡುವ ಬಗ್ಗೆ ಜೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ.

ಚಾವಣಿಯ ಸೌರ ಫಲಕ ಹಾಕಿಸುವವರಿಗೆ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್. ಮೂರು ಕಿಲೋವ್ಯಾಟಿನಲ್ಲಿ 12, ಅಂದರೆ 75 ಕಿಮೀ ಓಟ. ಗಣಿಯ ಕೆಂಪು ಧೂಳು, ರಸ್ತೆಯ ಧೂಳು ಕೂತರೆ ಇದು ಇಳಿಯುತ್ತದೆ. ವಾರಕ್ಕೊಮ್ಮೆ ಬಿಸಿಲೇರುವ ಮುಂಚೆ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಣಗುವ ಮುನ್ನ ಒರೆಸಿ, ಇಲ್ಲದಿದ್ದರೆ ಬಿಳಿ ಉಪ್ಪಿನ ಪದರ ನಿಲ್ಲುತ್ತದೆ. ಒಂದು ವಿಷಯ ಮಾತ್ರ ಗಮನದಲ್ಲಿಡಿ. ಹಗಲು ಫಲಕದ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ರಾತ್ರಿ ಗ್ರಿಡ್‌ನಿಂದ ಕಾರಿಗೆ ತೆಗೆದುಕೊಂಡರೆ ಬಿಲ್ಲಿನಲ್ಲಿ ಸೊನ್ನೆ ಬರುತ್ತದೆ, ಶಕ್ತಿನಗರದಲ್ಲಿ ಬರುವುದಿಲ್ಲ. ರಾತ್ರಿಯ ಆ ಯೂನಿಟ್ಟಿಗೆ ಕಲ್ಲಿದ್ದಲು ಉರಿದೇ ಇರುತ್ತದೆ.

ಕಾರಿನ ಮಾತೇ ಆಯಿತು. ರಾಯಚೂರು, ಬಳ್ಳಾರಿ, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚಿನವರು ಓಡಿಸುವುದು ದ್ವಿಚಕ್ರ, ಮತ್ತು ಅಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ 100 ಕಿಮೀಗೆ 2.2 ಲೀಟರ್ ಉರಿಸುತ್ತದೆ, ಎಲ್ಲ ಸೇರಿ ಆರು ಕೆಜಿ ಹೊಗೆ. ವಿದ್ಯುತ್ ಸ್ಕೂಟರಿಗೆ ಗೋಡೆಯಲ್ಲಿ ಮೂರು ಯೂನಿಟ್. ಪೂರಾ ಕಲ್ಲಿದ್ದಲಿನ ಕರೆಂಟಾದರೂ ಮೂರೂವರೆ ಕೆಜಿ ದಾಟುವುದಿಲ್ಲ. ಮಧ್ಯರಾತ್ರಿ ಚಾರ್ಜ್ ಮಾಡಿದರೂ ಅರ್ಧದ ಹತ್ತಿರ ಉಳಿತಾಯ. ಇನ್ನು ಬಸ್ಸು: ಲೀಟರಿಗೆ ಐದು ಕಿಮೀ ಕೊಡುವ ಡೀಸೆಲ್ ಬಸ್ಸಿನಲ್ಲಿ 40 ಜನ ಕೂತು ಸಿಂಧನೂರಿಗೆ ಹೋದರೆ 100 ಕಿಮೀಗೆ ತಲೆಗೆ ಅರ್ಧ ಲೀಟರ್. ಒಬ್ಬರೇ ಕೂತ ವಿದ್ಯುತ್ ಕಾರು ಇದರ ಹತ್ತಿರಕ್ಕೂ ಬರುವುದಿಲ್ಲ.

ಹಗಲು ಹೊತ್ತು ಗಾಡಿ ಎಲ್ಲಿರುತ್ತದೆ? ಕೆಲಸದ ಜಾಗದಲ್ಲಿ. ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್, ಕಾಲೇಜು, ತಾಲೂಕು ಕಚೇರಿ. ಪ್ಲಗ್ ಬೇಕಿರುವುದು ಅಲ್ಲಿ, ಹೆದ್ದಾರಿಯ ದೊಡ್ಡ ಚಾರ್ಜರ್ ಆಮೇಲಿನ ಮಾತು. ಹತ್ತು ಸ್ಕೂಟರ್, ಎರಡು ಕಾರು ಇರುವ ಗಿರಣಿಯ ಲೆಕ್ಕ ನೋಡಿ. ಸ್ಕೂಟರ್ ದಿನಕ್ಕೆ 35 ಕಿಮೀ ಓಡಿದರೆ ಒಂದು ಯೂನಿಟ್ಟು, ಹತ್ತಕ್ಕೆ ಹತ್ತು. ಕಾರು ದಿನಕ್ಕೆ 40 ಕಿಮೀ, ಎರಡಕ್ಕೆ 13. ಒಟ್ಟು 23 ಯೂನಿಟ್. ಗೋದಾಮಿನ ತಗಡಿನ ಮೇಲೆ ಆರು ಕಿಲೋವ್ಯಾಟ್ ಫಲಕ ಇದ್ದರೆ ಸಾಕು. ಸ್ಕೂಟರಿನ ಚಾರ್ಜರ್ ಮೂರು ನಾಲ್ಕು ಆಂಪಿಯರ್ ಎಳೆಯುವುದರಿಂದ ಒಂದೊಂದು ಲೈನಿಗೆ ನಾಲ್ಕರಂತೆ ಮೂರು ಲೈನು, ಕಾರಿಗೆ ಪ್ರತ್ಯೇಕ ಎರಡು, ಎಲ್ಲದರ ಮೇಲೆ ಒಂದು ಟೈಮರ್. ಹತ್ತೂವರೆಗೆ ಆನ್, ಮೂರೂವರೆಗೆ ಆಫ್. ಹನ್ನೆರಡು ಗಾಡಿಯೂ ಒಟ್ಟಿಗೆ ಎಳೆದರೆ ಬೇಡಿಕೆ 14 ಕಿಲೋವ್ಯಾಟ್ ಮುಟ್ಟುತ್ತದೆ, ಫಲಕ ಕೊಡುವುದು ಆರರೊಳಗೆ. ಹಾಗಾಗಿ ಎರಡು ಕಾರು ಹನ್ನೆರಡೂವರೆವರೆಗೆ, ಸ್ಕೂಟರುಗಳು ಆಮೇಲೆ ಐದೈದರ ಎರಡು ಸರದಿಯಲ್ಲಿ ಎಂದು ಟೈಮರನ್ನು ಭಾಗ ಮಾಡಿಸಿ. ಕಾರು ಎರಡು ಗಂಟೆಗೆ, ಸ್ಕೂಟರು ಒಂದೂವರೆ ಗಂಟೆಯೊಳಗೆ ಆ ದಿನದ ಪಾಲು ತುಂಬಿಕೊಳ್ಳುತ್ತವೆ.